ಮುಂದಿನ ಹಲಗೆಯ ಮೇಲಿನ ಬೆನ್ನು

ಹೊಳೆ ಕಡಲಿಗೆ ಬಾಯಿ ತೆರೆಯುವ ಜಾಗಕ್ಕೆ ಕರಾವಳಿಯಲ್ಲಿ ಅಳಿವೆ ಎನ್ನುತ್ತಾರೆ. ಅಂಥದೊಂದು ಅಳಿವೆಯ ಒಳಗೆ, ಹೊಳೆಯ ನಡುವಿನ ಪುಟ್ಟ ನಡುಗಡ್ಡೆಯಲ್ಲಿ, ಅಂದರೆ ಕುದ್ರುವಿನಲ್ಲಿ, ದೂಮಣ್ಣ ಎಂಬ ಗುರುಗಳಿದ್ದರು.

ಅವರು ಮಂತ್ರ ಕಲಿಸುತ್ತಿರಲಿಲ್ಲ. ಗಾಳ ಹಾಕುವುದನ್ನೂ ದೋಣಿ ನಡೆಸುವುದನ್ನೂ ಕಲಿಸುತ್ತಿದ್ದರು.

ಅವರ ಬಳಿ ಬರುತ್ತಿದ್ದವರು ಹೊಟ್ಟೆಪಾಡಿಗೆ ಮೀನು ಹಿಡಿಯುವವರಲ್ಲ. ರಜೆಯ ದಿನ ಕಡಲಿನ ಮೇಲೆ ಸ್ವಲ್ಪ ಹೊತ್ತು ಕೂತು ಬರಬೇಕು, ಸಿಕ್ಕರೆ ಒಂದು ಮೀನು, ಸಿಗದಿದ್ದರೆ ಒಂದಿಷ್ಟು ಗಾಳಿ ಎನ್ನುವವರು.

"ಸುಮ್ಮನೆ ಕೂರಲಿಕ್ಕೂ ಒಂದು ಶಾಲೆ!" ಎಂದು ಊರಿನವರು ನಗುತ್ತಿದ್ದರು.

"ಅದರಲ್ಲೇ ಹೆಚ್ಚು ಜನ ಫೇಲು" ಎಂದು ಗುರುಗಳೂ ನಗುತ್ತಿದ್ದರು.

ಸುಗಂಧಿ ಅವರ ಶಿಷ್ಯೆ. ಒಂದು ವಾರದ ರಜೆಗೆ ಬಂದವಳು ಮೂರು ಮಳೆಗಾಲ ಕಳೆದರೂ ಹೋಗಿರಲಿಲ್ಲ.

ದೋಣಿಯ ನೀರು ಬಾಚಿದಳು. ಎಂಜಿನ್ ಬಿಚ್ಚಿ ಜೋಡಿಸಿದಳು. ಗಾಳದ ದಾರ ಬಿಡಿಸುತ್ತ ಬೆರಳು ಸೀಳಿಕೊಂಡಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಆ ದೋಣಿಯ ಚುಕ್ಕಾಣಿ.

ಗುರುಗಳ ಬಳಿ ಇದ್ದದ್ದು ಒಂದೇ ದೋಣಿ. ಅದರ ಚುಕ್ಕಾಣಿಯನ್ನು ಯಾರ ಕೈಗೆ ಒಪ್ಪಿಸುತ್ತಾರೋ ಅವರು ತಂಡೇಲ. ದೋಣಿ ಹತ್ತಿದವರ ಜೀವಕ್ಕೆಲ್ಲ ತಂಡೇಲನೇ ಹೊಣೆ. ಗುರುಗಳು ಇದುವರೆಗೆ ಯಾರಿಗೂ ಒಪ್ಪಿಸಿರಲಿಲ್ಲ.

ಪರೀಕ್ಷೆ ಕೇಳಲು ಸುಲಭ. ಶಿಷ್ಯ ಹಿಂದೆ ಚುಕ್ಕಾಣಿ ಹಿಡಿದು ಕೂರಬೇಕು. ಗುರುಗಳು ಮುಂದಿನ ಹಲಗೆಯ ಮೇಲೆ, ಮುಂದಕ್ಕೆ ಮುಖ ಮಾಡಿ ಕೂರುತ್ತಾರೆ. ಒಬ್ಬ ಅತಿಥಿಯನ್ನು ಕರೆದುಕೊಂಡು ಅಳಿವೆ ದಾಟಿ ಹೋಗಬೇಕು, ಗಾಳ ಹಾಕಿಸಬೇಕು, ದಾಟಿ ಬರಬೇಕು.

ಅಷ್ಟರ ನಡುವೆ ಗುರುಗಳನ್ನು ಏನನ್ನೂ ಕೇಳಬಾರದು.

"ಕೇಳಿದರೆ ನಾನು ಹೇಳಿಬಿಡುತ್ತೇನೆ" ಎನ್ನುತ್ತಿದ್ದರು ಗುರುಗಳು. "ಹೇಳಿದೆನೋ, ದೋಣಿ ಮತ್ತೆ ನನ್ನದಾಯಿತು."

ಎಷ್ಟೋ ಜನ ಕೇಳಿ ಕೆಟ್ಟಿದ್ದರು. ಒಬ್ಬನಂತೂ ದೋಣಿ ಅಲುಗುವ ಮೊದಲೇ, "ಹಗ್ಗ ಬಿಚ್ಚಲಾ ಗುರುಗಳೇ?" ಎಂದಿದ್ದ.

"ಬಿಚ್ಚು. ಬಿಚ್ಚಿ ಮನೆಗೆ ಹೋಗು" ಎಂದಿದ್ದರು ಗುರುಗಳು.

ಸುಗಂಧಿ ಅಭ್ಯಾಸದ ದಿನಗಳಲ್ಲೂ ಒಂದು ಮಾತು ಕೇಳಿದವಳಲ್ಲ. ಕೇಳುವ ಅಗತ್ಯ ಅವಳಿಗಿರಲಿಲ್ಲ. ಅವಳ ಬಳಿ ಒಂದು ಗುಟ್ಟಿತ್ತು.

ಅವಳು ಗುರುಗಳ ಬೆನ್ನು ಓದುತ್ತಿದ್ದಳು.

ಮುಂದೆ ನೀರು ಕೆಟ್ಟಿದ್ದರೆ ಗುರುಗಳ ಬಲ ಭುಜ ಎಳ್ಳಷ್ಟು ಮೇಲೇಳುತ್ತಿತ್ತು. ದೊಡ್ಡ ತೆರೆ ಬರುವುದಿದ್ದರೆ ಕತ್ತಿನ ನರ ಹಗ್ಗದಂತೆ ಬಿಗಿಯುತ್ತಿತ್ತು. ದಾರಿ ಸರಿಯಿದ್ದರೆ ಕತ್ತು ಇಳಿದು, ಎರಡು ಭುಜವೂ ಒದ್ದೆ ಬಟ್ಟೆಯಂತೆ ಸಡಿಲವಾಗುತ್ತಿದ್ದವು. ದಪ್ಪ ಲೈಫ್ ಜಾಕೆಟ್ ತೊಟ್ಟಾಗಲೂ ಅವಳಿಗೆ ಇದೆಲ್ಲ ಕಾಣುತ್ತಿತ್ತು.

ಅದು ಒಮ್ಮೆಯೂ ತಪ್ಪಿದ್ದಿಲ್ಲ. ಬೇರೆಯವರು ಪಂಚಾಂಗ ನೋಡುತ್ತಾರೆ, ಅವಳು ಆ ಬೆನ್ನು ನೋಡುತ್ತಿದ್ದಳು.

ಬಾಯಿಂದ ಕೇಳಬಾರದು ಎಂದಿದ್ದರು ಗುರುಗಳು. ಕಣ್ಣಿಂದ ಕೇಳಬಾರದು ಎಂದಿರಲಿಲ್ಲ.

ಪರೀಕ್ಷೆಯ ದಿನ ಅತಿಥಿಯಾಗಿ ಬಂದವನು ಅವಳ ಅಕ್ಕನ ಗಂಡ, ಪುರಂದರ ಭಾವ. ಕೈಯಲ್ಲಿ ಹೊಸ ಗಾಳದ ಕೋಲು, ತಲೆಯ ಮೇಲೆ ಅಗಲದ ಟೊಪ್ಪಿ. ನಾಲಗೆಗೆ ಮಾತ್ರ ಬಿಡುವಿಲ್ಲ.

"ಮಧ್ಯಾಹ್ನದ ರೈಲಿಗೆ ನನ್ನನ್ನು ಮುಟ್ಟಿಸಬೇಕು ಆಯ್ತಾ?" ಎಂದ ಭಾವ, ಜಾಕೆಟ್ಟಿನ ಪಟ್ಟಿ ಬಿಗಿಯುತ್ತ. "ಇಲ್ಲದಿದ್ದರೆ ನಿನ್ನ ಅಕ್ಕ ನನ್ನನ್ನೇ ಗಾಳಕ್ಕೆ ಹಾಕ್ತಾಳೆ."

"ಆ ಗಾಳಕ್ಕೆ ಮೀನೂ ಬರುವುದಿಲ್ಲ ಭಾವ" ಎಂದಳು ಸುಗಂಧಿ.

ಗುರುಗಳು ಏನೂ ಹೇಳದೆ ಹೋಗಿ ಮುಂದಿನ ಹಲಗೆಯ ಮೇಲೆ ಕೂತರು.

"ನಿನ್ನ ಗುರುಗಳು ಎಂತ, ಮಾತಿಗೂ ಬಾಡಿಗೆ ಕೇಳ್ತಾರಾ?"

"ಇವತ್ತು ಅವರು ಮಾತಾಡುವುದಿಲ್ಲ. ದೋಣಿ ನನ್ನದು."

"ಹಾಗಾದರೆ ನಾನು ದೇವರನ್ನು ನೆನೆಯುವುದು ಒಳ್ಳೆಯದು."

ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು. ಹೊಳೆಯಲ್ಲಿ ಇನ್ನೂ ಮಲೆಯ ನೀರು ತುಂಬಿತ್ತು. ಬೆಳಗಿನ ಭರತದಲ್ಲಿ ಕಡಲಿನ ನೀರು ಒಳಗೆ ಏರುತ್ತಿದ್ದಾಗ ಅವರು ಹೊರಟರು.

ಅಳಿವೆ ಎಣ್ಣೆಯಂತೆ ಮಲಗಿತ್ತು. ಗುರುಗಳ ಭುಜಗಳೂ ಮಲಗಿದ್ದವು. ದೋಣಿ ದಾಟಿತು.

ಹೊರಗೆ ಕಡಲಿನಲ್ಲಿ ಒಂದು ಕರಿಬಂಡೆ. ಅದರ ಬುಡದಲ್ಲಿ ಕೆಂಬೇರಿ ಮೀನು ಇರುತ್ತದೆ. ಸುಗಂಧಿ ಲಂಗರು ಹಾಕಿಸಿದಳು. ಭಾವ ಗಾಳ ಇಳಿಸಿದ.

ಮೀನು ಕಚ್ಚಲಿಲ್ಲ. ಬಿಸಿಲು ಏರಿತು. ಭಾವನ ಮಾತು ಮುಗಿಯಿತು. ಅದಾದ ಮೇಲೆ ನಿಜಕ್ಕೂ ಹಿತವೆನಿಸುವ ಒಂದು ಮೌನ ಬಂತು.

ಸುಗಂಧಿಯ ಕಣ್ಣು ಮುಂದಿನ ಹಲಗೆಯ ಮೇಲಿತ್ತು. ಗುರುಗಳ ಬಲ ಭುಜ ಎಳ್ಳಷ್ಟು ಎದ್ದಿತು.

ಇಳಿತ ಶುರುವಾಗಿದೆ ಎಂದು ಅವಳಿಗೆ ಗೊತ್ತಾಯಿತು. ಹೊಳೆಯ ನೀರು ಇನ್ನು ಹೊರಗೆ ನುಗ್ಗುತ್ತದೆ. ಕಡಲಿನ ತೆರೆ ಒಳಗೆ ನುಗ್ಗುತ್ತದೆ. ಎರಡೂ ಅಳಿವೆಯ ಬಾಯಲ್ಲಿ ಒಂದಕ್ಕೊಂದು ಎದೆ ಕೊಡುತ್ತವೆ. ಅದಕ್ಕೆ ಮೊದಲೇ ಒಳಗೆ ಸೇರಬೇಕು.

"ಹೊರಡೋಣ ಭಾವ. ದಾರ ಎಳೆಯಿರಿ."

ಅದೇ ಹೊತ್ತಿಗೆ ಭಾವನ ಕೋಲು ಬಿಲ್ಲಿನಂತೆ ಬಾಗಿತು.

"ಬಂತು! ಬಂತು ಮಾರಾಯ್ತಿ!"

"ಭಾವ, ನೀರು ಇಳಿಯುತ್ತಿದೆ."

"ಇಳಿಯಲಿ! ಇಡೀ ಬೆಳಗ್ಗೆ ಕೂರಿಸಿ ಈಗ ಹೊರಡು ಅಂದರೆ? ಒಂದೇ ನಿಮಿಷ."

ಅವಳು ಹಲಗೆಯ ಕಡೆ ನೋಡಿದಳು. ಬಲ ಭುಜ ಇನ್ನೂ ಮೇಲೆಯೇ ಇತ್ತು. ದಾರ ಕತ್ತರಿಸಿ ಹೊರಡು ಎನ್ನಬೇಕಿತ್ತು. ಅನ್ನಲಿಲ್ಲ. ಅತಿಥಿ, ಮೇಲಾಗಿ ಭಾವ.

ಮೀನು ಬಂಡೆಯ ಸಂದಿಗೆ ಹೊಕ್ಕಿತು. ಎಳೆದರೆ ಬಾರದು, ಬಿಟ್ಟರೆ ಹೋಗದು. ಅದು ದೋಣಿಯೊಳಗೆ ಬಿದ್ದು, ಕೆಂಪಗೆ ಹೊಳೆದು, ಭಾವ ಅದರ ಪಕ್ಕ ಕೂತು ಮೂರು ನಾಲ್ಕು ಫೋಟೊ ತೆಗೆಯುವಷ್ಟರಲ್ಲಿ ಬಂಡೆಯ ಸುತ್ತಲಿನ ನೀರಿನ ಬಣ್ಣವೇ ಬೇರೆಯಾಗಿತ್ತು.

ಸುಗಂಧಿ ಲಂಗರು ಎತ್ತಿಸಿದಳು. ಎಂಜಿನ್ ಗುಡುಗಿತು. ದೋಣಿ ಬಂಡೆಯನ್ನು ಬಳಸಿ ಅಳಿವೆಯ ಕಡೆ ತಿರುಗಿತು.

ಆಗ ಗುರುಗಳ ಭುಜ ಇಳಿಯಿತು. ಕತ್ತು ಸಡಿಲವಾಯಿತು.

ಅವಳು ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಹಾಗಾದರೆ ಹೊತ್ತು ಮೀರಿಲ್ಲ. ದಾಟಬಹುದು.

ಅಳಿವೆ ಹತ್ತಿರವಾಯಿತು.

ಕಡಲಿನ ಕಡೆಯಿಂದ ನೋಡುವವರಿಗೆ ತೆರೆಯ ಮುಖ ಕಾಣುವುದಿಲ್ಲ. ಅದು ಎಲ್ಲಿ ಒಡೆಯುತ್ತದೆ, ಎಷ್ಟು ಎತ್ತರದಿಂದ ಬೀಳುತ್ತದೆ ಎಂಬುದೆಲ್ಲ ದಡದಲ್ಲಿ ನಿಂತವರಿಗೆ ಮಾತ್ರ. ಹಿಂದಿನಿಂದ ಬರುವವರಿಗೆ ನುಣುಪಾದ ದಿಣ್ಣೆ ಒಂದರ ಹಿಂದೊಂದು ದೂರ ಹೋಗುವುದಷ್ಟೇ ಕಾಣುತ್ತದೆ.

"ಎಮ್ಮೆ ಹಿಂಡು ಮನೆಗೆ ಹೋದ ಹಾಗಿದೆ" ಎಂದ ಭಾವ. "ಇದಕ್ಕಾ ನೀನು ಹೆದರಿದ್ದು?"

ಎಂಜಿನ್ ಮೊದಲಿನಷ್ಟೇ ಕೂಗುತ್ತಿತ್ತು. ಆದರೆ ದಡ ಹತ್ತಿರ ಬರುತ್ತಿರಲಿಲ್ಲ.

ಕೆಸರು ನೀರು ಎದುರಿನಿಂದ ಓಡಿ ಬರುತ್ತಿತ್ತು. ಕೊಳೆತ ಎಲೆ, ಬಾಳೆಯ ದಿಂಡು, ಯಾರದೋ ಒಂಟಿ ಚಪ್ಪಲಿ ದೋಣಿಯ ಪಕ್ಕದಲ್ಲೇ ಸರ್ರನೆ ಕಡಲಿನ ಕಡೆ ಹೋದವು.

ಅವಳು ಹಲಗೆಯ ಕಡೆ ನೋಡಿದಳು. ಭುಜ ಸಡಿಲ.

ದಡದಲ್ಲಿ ದೋಣಿ ಇಡುವ ಶೆಡ್ಡಿನ ಕೆಂಪು ಹೆಂಚು ಕಾಣುತ್ತಿತ್ತು. ಒಂದು ದಿಣ್ಣೆ ಎದ್ದಿತು. ಹೆಂಚು ಮುಳುಗಿತು. ಅದರ ಹಿಂದಿನ ತೆಂಗಿನ ಮರಗಳೂ ಸುಳಿಯವರೆಗೆ ಮುಳುಗಿದವು. ಅವಳು ಎಣಿಸುತ್ತ ಕಾದಳು. ಹೆಂಚು ಬೇಗ ಮೇಲೆ ಬರಲಿಲ್ಲ.

ಮತ್ತೆ ಹಲಗೆಯ ಕಡೆ ನೋಡಿದಳು. ಕತ್ತು ಇಳಿದಿತ್ತು. ಜಗಲಿಯಲ್ಲಿ ಊಟ ಮುಗಿಸಿ ಕೂತವರ ಬೆನ್ನು ಅದು.

ಈಗ ಸದ್ದು ಕೇಳಿಸಿತು. ಮೊದಲು ದೂರದ ಲಾರಿಯಂತೆ, ಆಮೇಲೆ ಎದೆಯೊಳಗೇ ಯಾರೋ ಭತ್ತ ಕುಟ್ಟಿದಂತೆ.

ಅವಳು ಹಿಂದೆ ತಿರುಗಿ ನೋಡಿದಳು. ಕಡಲಿನ ಕಡೆಯಿಂದ ಕಪ್ಪು ಗೆರೆಗಳು ಎದ್ದು ಬರುತ್ತಿದ್ದವು. ಇನ್ನು ಸ್ವಲ್ಪ ಮುಂದೆ ಹೋದರೆ ತಿರುಗಿಸಲು ಜಾಗವಿಲ್ಲ. ಅಲ್ಲಿ ದೋಣಿ ಅಡ್ಡವಾದರೆ ಮಗುಚುವುದೇ.

"ಗುರು..." ಎಂದು ಬಾಯಿ ತೆರೆದಳು.

ಉಳಿದದ್ದನ್ನು ನುಂಗಿದಳು. ಕೇಳಿದರೆ ಅವರು ಹೇಳಿಬಿಡುತ್ತಾರೆ. ಮೂರು ಮಳೆಗಾಲ ನೀರುಪಾಲು.

"ಎಂತಾಯ್ತು? ಯಾಕೆ ಮುಖ ಬಿಳಿಚಿದೆ?" ಎಂದ ಭಾವ. ನಡುವಿನ ಹಲಗೆಯ ಮೇಲೆ ಅವಳ ಕಡೆ ಮುಖ ಮಾಡಿ, ಮೀನನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು ಕೂತಿದ್ದ ಅವನು ತಿರುಗಿ ಗುರುಗಳನ್ನು ನೋಡಿದ. "ಅವರೇ ಅಷ್ಟು ಆರಾಮ ಕೂತಿದ್ದಾರೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ನುಗ್ಗಿಸು!"

ಅವಳೂ ಅದೇ ಬೆನ್ನನ್ನು ನೋಡುತ್ತಿದ್ದಳು.

ಬೆನ್ನು ಹೋಗು ಎನ್ನುತ್ತಿತ್ತು. ನೀರು ಬೇಡ ಎನ್ನುತ್ತಿತ್ತು. ಬೆನ್ನು ಇದುವರೆಗೆ ತಪ್ಪಿದ್ದಿಲ್ಲ. ನೀರನ್ನು ಅವಳು ಇದುವರೆಗೆ ಕೇಳಿಯೇ ಇರಲಿಲ್ಲ.

ಅವಳು ಎಂಜಿನ್ನಿನ ವೇಗ ಹೆಚ್ಚಿಸಿದಳು. ದೋಣಿ ಮುಂದಕ್ಕೆ ಚಿಮ್ಮಿತು.

ಹಿಂದಿನಿಂದ ಒಂದು ದಿಣ್ಣೆ ಬಂದು ದೋಣಿಯನ್ನು ಮೇಲೆತ್ತಿತು. ಅದರ ನೆತ್ತಿಯ ಮೇಲೆ ಒಂದು ಕ್ಷಣ ನಿಂತಾಗ ಆಚೆ ಬದಿ ಕಂಡಿತು.

ಈ ದಡದಿಂದ ಆ ದಡದವರೆಗೆ ಅಳಿವೆ ನೊರೆಯಿಂದ ಬೆಳ್ಳಗಿತ್ತು. ನಡುವೆ ಒಂದು ದೋಣಿಯಲ್ಲ, ಒಂದು ಕಾಗೆ ನುಸುಳುವ ಸಂದಿಯೂ ಇರಲಿಲ್ಲ.

ದಿಣ್ಣೆ ಜಾರಿತು. ದೋಣಿ ತಗ್ಗಿಗೆ ಇಳಿಯಿತು. ಮತ್ತೆ ಏನೂ ಕಾಣಲಿಲ್ಲ, ಗುರುಗಳ ಬೆನ್ನಿನ ಹೊರತು. ಅದು ಸಡಿಲವಾಗಿಯೇ ಇತ್ತು.

"ಕೆಳಗೆ ಕೂರಿ!" ಎಂದು ಸುಗಂಧಿ ಕೂಗಿದಳು. "ದೋಣಿ ತಿರುಗಿಸುತ್ತಿದ್ದೇನೆ! ಭಾವ, ನಡುವೆ! ಪಕ್ಕಕ್ಕೆ ವಾಲಬೇಡಿ!"

"ಹೇ ಹುಚ್ಚಿ, ಈಗಲಾ?"

ಅವಳು ಚುಕ್ಕಾಣಿಯನ್ನು ಪೂರ್ತಿ ತಿರುಚಿದಳು. ದೋಣಿ ಅಡ್ಡವಾಯಿತು. ಮುಂದಿನ ತೆರೆ ಆಗಲೇ ಎದ್ದು ನಿಂತಿತ್ತು. ಈ ಬಾರಿ ಅದರ ಮುಖ ಅವಳ ಕಡೆಗಿತ್ತು.

ದೋಣಿಯ ಮೂತಿ ತಿರುಗಿತು. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ.

ತೆರೆ ಹೊಡೆಯಿತು.

ನೀರು ಗೋಡೆಯಂತೆ ಒಳಗೆ ಬಿತ್ತು. ಗುರುಗಳು ಹಲಗೆಯಿಂದ ಜಾರಿ ಮೊಣಕಾಲ ಮೇಲೆ ಬಿದ್ದರು. ಅವರು ಹಾಗೆ ಬಿದ್ದದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಭಾವನ ಹೊಸ ಕೋಲು ಹೋಯಿತು. ಟೊಪ್ಪಿ ಹೋಯಿತು. ಕೆಂಬೇರಿ ಮೀನು ಬಂದ ದಾರಿಯಲ್ಲೇ ಹೊರಟುಹೋಯಿತು.

ಎಂಜಿನ್ ಕೆಮ್ಮಿತು. ನಿಲ್ಲಲಿಲ್ಲ. ಮೂತಿ ಕಡಲಿನ ಕಡೆ ನೆಟ್ಟಗಾಯಿತು. ಎರಡನೆಯ ತೆರೆಯನ್ನು ದೋಣಿ ಹತ್ತಿ ಇಳಿಯಿತು. ಮೂರನೆಯದನ್ನೂ ಹತ್ತಿತು.

ಗುರುಗಳು ಡಬ್ಬ ತೆಗೆದುಕೊಂಡು ನೀರು ಬಾಚತೊಡಗಿದರು.

ತೆರೆ ಒಡೆಯದ ಆಳದ ನೀರು ಸಿಕ್ಕಿದಾಗ ಸುಗಂಧಿ ಹೇಳಿದಳು: "ಲಂಗರು ಹಾಕಿ. ಮುಂದಿನಿಂದ."

ಗುರುಗಳು ಹಾಕಿದರು.

"ನೀರು ಮತ್ತೆ ಏರುವವರೆಗೆ ಇಲ್ಲೇ ಇರುತ್ತೇವೆ."

"ಅದು ಯಾವಾಗ?" ಎಂದ ಭಾವ.

"ಸಂಜೆಗೆ."

"ನನ್ನ ರೈಲು?"

"ಹೋಯಿತು."

"ನನ್ನ ಕೋಲು ಹೋಯಿತು, ಮೀನು ಹೋಯಿತು, ರೈಲೂ ಹೋಯಿತು! ಅಷ್ಟು ಹತ್ತಿರ ಹೋಗಿ ಬಾಲ ಮಡಚಿ ಬಂದೆಯಲ್ಲ! ನಿನ್ನ ಅಕ್ಕನಿಗೆ ನಾನು ಎಂತ ಹೇಳಲಿ?"

"ಬದುಕಿದ್ದೇನೆ ಅಂತ ಹೇಳಿ."

ಅಳಿವೆಯ ಕಡೆಯಿಂದ ಸದ್ದು ತೇಲಿ ಬಂತು. ಭಾವ ಅದನ್ನು ಆಲಿಸಿದ. ಆಮೇಲೆ ದೋಣಿಯ ಅಂಚಿಗೆ ಬಗ್ಗಿ ಬೆಳಗಿನ ತಿಂಡಿಯನ್ನೆಲ್ಲ ಕಡಲಿಗೆ ಒಪ್ಪಿಸಿದ.

ಸುಗಂಧಿ ಗುರುಗಳ ಕಡೆ ನೋಡಲಿಲ್ಲ. ಅವಳ ಭಯ ಇಳಿದು, ಅದರ ಜಾಗದಲ್ಲಿ ಕೋಪ ಏರುತ್ತಿತ್ತು. ಆ ಬೆನ್ನನ್ನು ನಂಬಿ ಮೂವರನ್ನು ಮುಳುಗಿಸಲಿದ್ದಳು. ಮುಳುಗಿಸಲು ಆ ಬೆನ್ನೇ ಕರೆದಿತ್ತು.

ಮಾಡಲು ಬೇರೆ ಕೆಲಸವಿರಲಿಲ್ಲ. ಅವಳು ನೀರು ನೋಡಿದಳು.

ಇಳಿತದ ಕೆಸರು ಎಲ್ಲಿಯವರೆಗೆ ಬಂತು, ಎಲ್ಲಿ ತೆಳುವಾಯಿತು ಎಂದು ನೋಡಿದಳು. ಲಂಗರಿನ ಹಗ್ಗ ಹೇಗೆ ಬಿಗಿದಿತ್ತು, ಯಾವಾಗ ಸಡಿಲವಾಯಿತು ಎಂದು ನೋಡಿದಳು. ದೊಡ್ಡ ತೆರೆಗಳು ಒಟ್ಟಾಗಿ ಬಂದು, ಆಮೇಲೆ ಕಡಲು ಸ್ವಲ್ಪ ಹೊತ್ತು ದಣಿದು ನಿಲ್ಲುವುದನ್ನು ನೋಡಿದಳು. ಅದೆಲ್ಲ ಯಾವಾಗಲೂ ಅಲ್ಲೇ ಇತ್ತು.

ಹೊತ್ತು ಬಾಗಿತು. ದೋಣಿ ಲಂಗರಿನ ಮೇಲೆ ನಿಧಾನವಾಗಿ ತಿರುಗತೊಡಗಿತು. ಕೆಸರು ಹಿಂದೆ ಸರಿಯಿತು. ಕಡಲು ಒಳಗೆ ಹೊರಟಿತ್ತು.

ಅವಳು ಆಗಲೂ ಹೊರಡಲಿಲ್ಲ. ಕೆಂಪು ಹೆಂಚನ್ನೇ ನೋಡುತ್ತ ಕಾದಳು. ಅದು ಮುಳುಗುವುದು ಕಡಿಮೆಯಾಗುವವರೆಗೆ ಕಾದಳು. ಭಾವ ಕೂಡ ಅವಸರ ಮಾಡಲಿಲ್ಲ.

"ಲಂಗರು ಎತ್ತಿ" ಎಂದಳು ಕೊನೆಗೆ.

ಗುರುಗಳು ಎತ್ತಿದರು. ಹಗ್ಗ ಸುತ್ತಿಟ್ಟು, ಎಂದಿನಂತೆ ಮುಂದಿನ ಹಲಗೆಯ ಮೇಲೆ ಕೂರಲು ಹೋದರು.

"ಅಲ್ಲಿ ಬೇಡ ಗುರುಗಳೇ."

ಅವರು ನಿಂತರು.

"ನನ್ನ ಹಿಂದೆ ಬಂದು ಕೂರಿ."

ಭಾವ ಅವಳನ್ನೂ ಅವರನ್ನೂ ನೋಡಿದ. ಗುರುಗಳನ್ನು ಎಬ್ಬಿಸುವುದೆಂದರೇನು ಎಂದು ಅವನ ಮುಖ ಕೇಳುತ್ತಿತ್ತು.

ಗುರುಗಳು ಹಲಗೆಯಿಂದ ಹಲಗೆಗೆ ಕಾಲಿಡುತ್ತ ಬಂದು, ಅವಳನ್ನು ದಾಟಿ, ಎಂಜಿನ್ನಿನ ಪಕ್ಕದ ಇಕ್ಕಟ್ಟಿನಲ್ಲಿ ಮುದುರಿ ಕೂತರು.

ಅವಳ ಮುಂದೆ ಈಗ ಕಡಲು ಮಾತ್ರ ಇತ್ತು.

ಅವಳು ಒಂದು ಗುಂಪು ತೆರೆಗಳನ್ನು ಹೋಗಲು ಬಿಟ್ಟಳು. ಕೊನೆಯ ದಿಣ್ಣೆಯ ಬೆನ್ನ ಹಿಂದೆಯೇ ದೋಣಿ ಬಿಟ್ಟಳು. ಅದಕ್ಕಿಂತ ಮುಂದೆ ಹೋಗಲಿಲ್ಲ. ಅದಕ್ಕಿಂತ ಹಿಂದೆ ಉಳಿಯಲಿಲ್ಲ.

ಎಡಕ್ಕೆ ನೊರೆ ಸಿಡಿಯಿತು. ಬಲಕ್ಕೆ ಮರಳು ಕಲಕಿತು. ಭಾವ ಕಣ್ಣು ಮುಚ್ಚಿ ತನ್ನ ಮನೆದೇವರನ್ನೂ ಹೆಂಡತಿಯ ಮನೆದೇವರನ್ನೂ ಕರೆಯುತ್ತಿದ್ದ. ನಡುವಿನ ನೀರು ಕಪ್ಪಗೆ, ನೆಟ್ಟಗೆ, ಒಳಗೆ ಹರಿಯುತ್ತಿತ್ತು.

ಸದ್ದು ಹಿಂದಕ್ಕೆ ಬಿತ್ತು. ಹೊಳೆಯ ವಾಸನೆ ಬಂತು.

ಕುದ್ರುವಿನ ಮರಳಿಗೆ ದೋಣಿ ಮೂಗು ಊರಿದಾಗ ಸೂರ್ಯ ನೀರಿಗೆ ಇಳಿದಿದ್ದ. ಭಾವ ಇಳಿದು, ಎರಡು ಹೆಜ್ಜೆ ಇಟ್ಟು, ಅಲ್ಲೇ ಮರಳಿನ ಮೇಲೆ ಕಾಲು ಚಾಚಿ ಕೂತುಬಿಟ್ಟ.

ಗುರುಗಳು ಮೊಣಕಾಲುದ್ದದ ನೀರಿಗೆ ಇಳಿದರು. ಕೈಯಲ್ಲಿ ಹಗ್ಗವಿತ್ತು. ಸುಗಂಧಿಯ ಕಡೆ ತಿರುಗಿ ತಲೆ ತುಸು ಬಾಗಿಸಿ ಕೇಳಿದರು.

"ಎಲ್ಲಿ ಕಟ್ಟಲಿ ತಂಡೇಲರೆ?"

ಮೂರು ಮಳೆಗಾಲ ಕಾದ ಮಾತು ಅದು. ಆದರೂ ಕೋಪ ಹೋಗಿರಲಿಲ್ಲ.

"ಹಗ್ಗ ಹಾಗೇ ಇರಲಿ. ಈಗ ಒಂದು ಮಾತು ಕೇಳಬಹುದಾ?"

"ದೋಣಿ ನೆಲ ಮುಟ್ಟಿದೆ. ಎಷ್ಟು ಬೇಕಾದರೂ ಕೇಳು ಮಗಳೇ."

"ನಾನು ನಿಮ್ಮ ಬೆನ್ನು ನೋಡಿ ದೋಣಿ ನಡೆಸುತ್ತಿದ್ದೆ. ಅದು ನಿಮಗೆ ಗೊತ್ತಿತ್ತು."

"ಮೊದಲ ಮಳೆಗಾಲದಿಂದಲೇ."

"ಹಾಗಿದ್ದೂ ಇವತ್ತು ಬಾ ಎಂದು ಕರೆದಿರಿ. ಮುಂದೆ ಸಾವಿತ್ತು. ಅದನ್ನು ನೋಡುತ್ತಲೇ ಭುಜ ಇಳಿಸಿ ಕೂತಿರಿ." ಅವಳ ಧ್ವನಿ ಏರಿತು. "ನಿಮ್ಮ ಬೆನ್ನು ನನಗೆ ಸುಳ್ಳು ಹೇಳಿತು ಗುರುಗಳೇ."

ದೂಮಣ್ಣ ಗುರುಗಳು ಹಗ್ಗವನ್ನು ಅವಳ ಕೈಯಲ್ಲಿಟ್ಟರು.

"ಈ ಬೆನ್ನಿಗೆ ಸುಳ್ಳು ಹೇಳಲು ಬರುವುದಿಲ್ಲ ಮಗಳೇ. ಅದಕ್ಕೇ ನಾನು ಬಂಡೆ ದಾಟುವಾಗಲೇ ಕಣ್ಣು ಮುಚ್ಚಿಕೊಂಡೆ."